ಹೆರಿಗಿ ಮುಗೀತು, ಅಂಜಿಕಿ ಮುಗಿದಿಲ್ಲ: ಸಿಸ್ಟರ್‌ಗಳಿಗೆ, ಆಶಾಗಳಿಗೆ ಟ್ರೇನಿಂಗ್ ಹೆಂಗ ಮಾಡೋದು

ಬಾಗಲಕೋಟಿ, ವಿಜಯಪುರ, ಬೆಳಗಾವಿ ಕಡೆ ತಾಲೂಕ ಆಸ್ಪತ್ರ್ಯಾಗ, ಪಿಎಚ್‌ಸಿಯೊಳಗ ಟ್ರೇನಿಂಗ್ ಜವಾಬ್ದಾರಿ ಇರೋ ಡಾಕ್ಟರ್, ನರ್ಸಿಂಗ್ ಟ್ಯೂಟರ್, ಲೇಬರ್ ರೂಮ್ ಇನ್‌ಚಾರ್ಜ್ ಸಿಸ್ಟರ್, ಇವ್ರಿಗಂತ ಬರಿಯಾಕತ್ತೀನಿ. ರಕ್ತಸ್ರಾವ ಆದ್ರ ಏನ ಮಾಡಬೇಕು, ಫಿಟ್ಸ್ ಬಂದ್ರ ಯಾವ ಇಂಜೆಕ್ಷನ್ ಕೊಡಬೇಕು ಅನ್ನೋದು ನಮ್ಮ ಸಿಸ್ಟರ್‌ಗಳಿಗೆ ಬಾಯಿಪಾಠ ಐತಿ, ಆದ್ರ ಆ ಹೆಣ್ಮಗಳು ಬದುಕಿ ವಾರ್ಡಿಗೆ ಬಂದ ಮ್ಯಾಲೆ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ರ ಏನ ಮಾತಾಡಬೇಕು ಅನ್ನೋದನ್ನ ಯಾರೂ ಕಲಿಸಿಲ್ಲ. ಇದಕ್ಕ ಹೊಸ ಹುದ್ದೆ, ಹೊಸ ಬಿಲ್ಡಿಂಗ್ ಏನೂ ಬೇಕಾಗಿಲ್ರಿ. ಈಗ ಆಡೋ ಮಾತು ಬದಲಾಗಬೇಕು, ಈಗ ಮಾಡೋ ಭೇಟಿಯೊಳಗ ಒಂದೆರಡು ಪ್ರಶ್ನಿ ಸೇರಬೇಕು, ಅಷ್ಟ.

ಮೊದಲು ಯಾವ ಹೆರಿಗಿ ಅನ್ನೋದು ಗೊತ್ತಿರಲಿ

ಪಿಪಿಎಚ್ (ಹೆರಿಗಿ ಆದ ಮ್ಯಾಲೆ ವಿಪರೀತ ರಕ್ತಸ್ರಾವ), ಅವಸರದ ಸಿಸೇರಿಯನ್, ವ್ಯಾಕ್ಯೂಮ್, ಎಕ್ಲಾಂಪ್ಸಿಯಾ (ಬಿಪಿ ಏರಿ ಫಿಟ್ಸ್ ಬರೋದು), ಗರ್ಭಕೋಶ ತಗೀಬೇಕಾಗಿ ಬಂದದ್ದು, ಕೂಸು ಎಸ್‌ಎನ್‌ಸಿಯುಗೆ (ಆರಾಮಿಲ್ಲದ ಎಳೇ ಕೂಸಿನ ವಾರ್ಡಿಗೆ) ಹೋದದ್ದು, ಕೂಸು ತೀರಿಕೊಂಡದ್ದು, ಇಂಡಿಯಿಂದ ವಿಜಯಪುರಕ್ಕ 108ನ್ಯಾಗ ಬ್ಯಾನಿ ತಿನಕೋತ ಬಂದದ್ದು, ಇವೆಲ್ಲಾ ಎಲ್ಲಾರಿಗೂ ಕಾಣೋ ಕೇಸು. ಕಾಣದ್ದು ಯಾವ್ದು ಅಂದ್ರ ಕೇಸ್‌ಶೀಟಿನ್ಯಾಗ ‘ನಾರ್ಮಲ್ ಡೆಲಿವರಿ, ತಾಯಿ ಮಗು ಕ್ಷೇಮ’ ಅಂತ ಬರದಿರತೈತಿ, ಆದ್ರ ಆಕಿ ತೊಡಿ ಮ್ಯಾಲೆ ಯಾರೋ ಹೊಡದಿರ್ತಾರ, ‘ಆವಾಗ ನೆಟ್ಟಗ ಇತ್ತೇನು’ ಅಂತ ಬೈದಿರ್ತಾರ, ಮರಗಟ್ಟೋ ಇಂಜೆಕ್ಷನ್ ಕೊಡದ ಟಾಕಿ ಹಾಕಿರ್ತಾರ. ಆಕಿಗೆ ಆವತ್ತು ನಾ ಸಾಯ್ತೀನಿ ಅನಿಸಿತ್ತಾ, ಇಲ್ಲಾ ಕೂಸು ಸಾಯತೈತಿ ಅನಿಸಿತ್ತಾ, ಇಲ್ಲಾ ನನ್ನ ಮೈ ನಂದಲ್ಲ ಅನ್ನೋಹಂಗ ಆತಾ, ಅದ ಲೆಕ್ಕ. ಕಷ್ಟದ ಹೆರಿಗಿ ಹೌದೋ ಅಲ್ಲೋ ಅಂತ ಹೇಳಾಕಿ ಆಕಿ, ಹೆರಿಗಿ ಹೆಂಗ ಸಾಗೇತಿ ಅಂತ ನಾವು ಬರಿಯೋ ಚಾರ್ಟ್, ಪಾರ್ಟೋಗ್ರಾಫ್ ಅಲ್ಲ.

ಬ್ಯಾರೆ ಬ್ಯಾರೆ ದೇಶದ ಅಧ್ಯಯನ ಕೂಡಿಸಿ ನೋಡಿದಾಗ, ಹೆರಿಗಿ ಆದ 100 ಹೆಣ್ಮಕ್ಕಳೊಳಗ ಸುಮಾರು 4 ಮಂದಿಗೆ ಪಿಟಿಎಸ್‌ಡಿ (ಆಘಾತ ಆದ ಮ್ಯಾಲೆ ಮನಸಿನ್ಯಾಗ ಉಳಿಯೋ ಅಂಜಿಕಿ ರೋಗ) ಬರತೈತಿ, ಹೆರಿಗ್ಯಾಗ ದೊಡ್ಡ ತೊಂದ್ರಿ ಆದವ್ರಂಥ ಹೆಚ್ಚು ಅಪಾಯದ ಗುಂಪಿನ್ಯಾಗ ಇದು 100ಕ್ಕ 18ರ ಆಸುಪಾಸು ಹೋಗತೈತಿ. ಟ್ರೇನಿಂಗ್‌ನ್ಯಾಗ ಈ ಅಂಕಿ ಒಂದ ಸಲ ಹೇಳಿ ಬಿಟ್ಟುಬಿಡ್ರಿ, ಅಂಕಿ ಕೇಳಿ ಯಾರೂ ಬದಲಾಗೂದಿಲ್ಲ.

ಯಾರ್ನ ಕರೀಬೇಕು, ಯಾವತ್ತು ಕರೀಬೇಕು

ಸ್ಟಾಫ್ ನರ್ಸ್ ಅಷ್ಟ ಅಲ್ಲ. ಆಯಾ, ಗ್ರೂಪ್ ಡಿ, 108ರ ಇಎಂಟಿ (ಆಂಬುಲೆನ್ಸ್‌ನ್ಯಾಗ ಆರೈಕಿ ಮಾಡೋರು), ಪಿಎಚ್‌ಸಿಓ (ಮೊದಲಿನ ಎಎನ್‌ಎಂ), ಸಿಎಚ್‌ಓ (ಉಪಕೇಂದ್ರದ ಆರೋಗ್ಯ ಅಧಿಕಾರಿ), ಆಶಾ, ಆಶಾ ಮೇಲ್ವಿಚಾರಕಿ, ಆಮ್ಯಾಲೆ ಬಾಗಿಲದಾಗ ನಿಂದ್ರೋ ಸೆಕ್ಯೂರಿಟಿ. ಸೆಕ್ಯೂರಿಟಿ ಯಾಕ ಅಂತೀರೇನು, ಬ್ಯಾನಿ ತಿನ್ನೋ ಮಗಳ ಹತ್ರ ಅವರವ್ವನ್ನ ಬಿಡಬೇಕೋ ಬ್ಯಾಡೋ ಅಂತ ಖರೇ ನಿರ್ಧಾರ ಮಾಡಾಂವ ಭಾಳ ಕಡೆ ಅವನ. ಸರ್ಕಾರಿ ಆಸ್ಪತ್ರ್ಯಾಗ ಹೆರಿಗಿ ಟೈಮಿಗೆ ಜೊತಿಗೊಬ್ರು ಇರಬಹುದು ಅಂತ ಕೇಂದ್ರ ಸರ್ಕಾರ 2016ರಾಗ ಹೇಳೇತಿ, 2017ರಾಗ ಲೇಬರ್ ರೂಮ್ ಸುಧಾರಿಸಾಕ ಬಂದ ಲಕ್ಷ್ಯ ಕಾರ್ಯಕ್ರಮದಾಗ ಮರ್ಯಾದಿಯಿಂದ ನೋಡ್ಕೊಳ್ಳೋದು ಒಂದು ಅಳತಿಗೋಲನ ಆಗೇತಿ. ಅಂದ್ರ ಜೊತಿಗೆ ಅವ್ವ ಇರೋದು ನಾವು ಮಾಡೋ ಉಪಕಾರ ಅಲ್ಲ. ಡಾಕ್ಟರ್‌ಗಳೂ ಬರಬೇಕು, ಬಂದು ರಿಬ್ಬನ್ ಕಟ್ ಮಾಡಿ ಹೋಗೋದಲ್ಲ, ಕುಂತು ರೋಲ್‌ಪ್ಲೇ ಮಾಡಬೇಕು.

ದಿನ ಆರಿಸುವಾಗ ಗುರುವಾರ ಲಸಿಕಿ, 9ನೇ ತಾರೀಖು ಪಿಎಂಎಸ್‌ಎಂಎ (ಬಸುರಿ ಹೆಣ್ಮಕ್ಕಳ ತಪಾಸಣಿ), ಅವೆರಡೂ ಬ್ಯಾಡ. ಲೇಬರ್ ರೂಮಿನ ಎಲ್ಲಾ ಸಿಸ್ಟರ್‌ನ ಒಂದ ದಿನ ಎಳಕೊಂಡು ಹೋದ್ರ ಅಲ್ಲೆ ಡ್ಯೂಟಿ ಯಾರ ಮಾಡ್ಬೇಕು, ಅದಕ್ಕ ಅರ್ಧ ಅರ್ಧ ದಿನದ ಸಣ್ಣ ಸಣ್ಣ ಬ್ಯಾಚ್ ಮಾಡ್ರಿ, ಒಂದು ಬ್ಯಾಚಿಗೆ 15-20 ಮಂದಿ ಸಾಕು, ಹೆಚ್ಚಾದ್ರ ಹಿಂದ ಕುಂತವ್ರು ಮೊಬೈಲ್ ನೋಡ್ಕೋತ ಕುಂದ್ರತಾರ.

ಶುರು ಮಾಡೋದು ಪಿಪಿಟಿಯಿಂದ ಬ್ಯಾಡ

ಮೊದಲ ಮಾತು ಇದಿರಲಿ: ‘ಇಲ್ಲೆ ಕುಂತವ್ರೊಳಗೂ ಕಷ್ಟದ ಹೆರಿಗಿ ಆದವ್ರು, ಕೂಸು ಕಳಕೊಂಡವ್ರು ಇರಬಹುದು, ಯಾರಿಗರ ತ್ರಾಸ ಆದ್ರ ಎದ್ದು ಹೊರಗ ಹೋಗ್ರಿ, ಯಾಕ ಹೋದ್ರಿ ಅಂತ ಯಾರೂ ಕೇಳೂದಿಲ್ಲ.’ ಹೊರಗ ಒಬ್ರು ಕೌನ್ಸೆಲರ್‌ನೋ ಹಿರೇ ಸಿಸ್ಟರ್‌ನೋ ಕುಂದರ್ಸಿರ್ರಿ. ಇದನ್ನ ಬಿಟ್ಟು ಶುರು ಮಾಡಿದ್ರ ಮಧ್ಯಾಹ್ನದೊಳಗ ಯಾರೋ ಒಬ್ಬಾಕಿ ಬಾತ್‌ರೂಮಿನ್ಯಾಗ ಅಳಕೋತ ನಿಂತಿರ್ತಾಳ.

ಆಮ್ಯಾಲೆ ಸಿಸ್ಟರ್‌ಗಳಿಗೆ ಕೇಳ್ರಿ, ನಿಮಗ ಇವತ್ತಿಗೂ ಮರೀದ ಇರೋ ಹೆರಿಗಿ ಯಾವ್ದು, ಹೆಸರು ಊರು ಹೇಳಬ್ಯಾಡ್ರಿ ಅಂತ. ಕೇಸು ತಾವಾಗೇ ಹೊರಗ ಬರ್ತಾವ. ಆ ಕೇಸಿನ್ಯಾಗ ತಾಯಿಗೆ ಏನ ಕಾಣಸ್ತಿತ್ತು, ಏನ ಕೇಳಿಸ್ತಿತ್ತು ಅಂತ ಒಬ್ರಿಗೆ ಹೇಳಾಕ ಹಚ್ಚಿ, ಒಬ್ರನ್ನ ಖರೇನ ಲೇಬರ್ ಟೇಬಲ್ ಮ್ಯಾಲೆ ಅಂಗಾತ ಮಲಗಿಸಿ, ಸುತ್ತ ನಾಕ್ ಮಂದಿ ನಿಂತು ‘ಬಿಪಿ ಬೀಳಾಕತ್ತೈತಿ, ಲಗೂನ, ಲಗೂನ’ ಅಂತ ಒದರ್ರಿ. ಎರಡ ನಿಮಿಷ ಸಾಕು, ಮ್ಯಾಲೆ ಎದ್ದಾಕಿ ಹೇಳೋ ಮಾತು ಯಾವ ಸ್ಲೈಡಿನ್ಯಾಗೂ ಇರೂದಿಲ್ಲ.

ಏನ ಲಕ್ಷಣ ಅಂತ ಕಲಿಸೋದು

ಅಳೋದೊಂದ ಲಕ್ಷಣ ಅಂತ ತಿಳಕೊಂಡಿರ್ತಾರ. ಅಳದಾಕಿನ್ನ ಹೆಚ್ಚು ನೋಡಬೇಕು. ಕರದ್ರ ಓ ಅನ್ನೂದಿಲ್ಲ, ಹೇಳಿದ್ದೆಲ್ಲಾ ಮಾಡ್ತಾಳ, ಕಣ್ಣು ಎಲ್ಲೋ ಇರ್ತಾವ, ನಾವು ‘ಭಾಳ ಶಾಣ್ಯಾ ಪೇಶಂಟ್’ ಅಂತ ಮುಂದ ಹೋಗ್ತೀವಿ. ಕೂಸಿನ ಮುಟ್ಟೂದಿಲ್ಲ, ಇಲ್ಲಾ ರಾತ್ರಿ ಪೂರ್ತಿ ಕೂಸಿನ ಮೂಗಿನ ಹತ್ರ ಕೈ ಹಿಡದು ಉಸರು ಐತಾ ಅಂತ ನೋಡ್ಕೋತ ಕುಂದ್ರತಾಳ. ಡೆಟಾಲ್ ವಾಸನಿ, ಗ್ಲೌಸ್ ಹಾಕೋ ಸಪ್ಪಳ, ಟ್ರಾಲಿ ಸಪ್ಪಳಕ್ಕ ಮೈ ಜುಮ್ಮಂತ ನಡಗತೈತಿ. ಆವತ್ತಿಂದು ಕನಸಿನ್ಯಾಗ ಹೊಳ್ಳಿ ಬರತೈತಿ, ಎಚ್ಚರ ಇದ್ದಾಗೂ ಈಗ ನಡದಂಗ ಕಾಣತೈತಿ. ಆಸ್ಪತ್ರಿ ಇರೋ ಓಣಿಗೇ ಕಾಲ ಹಾಕೂದಿಲ್ಲ, ಕೂಸಿನ ಲಸಿಕಿ ತಪ್ಪತೈತಿ, ಜನ ‘ಬೇಜವಾಬ್ದಾರಿ’ ಅಂತಾರ. ಗಂಡ ಹತ್ರ ಬಂದ್ರ ಬೆಚ್ಚತಾಳ. ಮುಂದಿನ ಬಸುರಿಗೆ ಐದು ತಿಂಗಳಾದ್ರೂ ತಪಾಸಣಿಗೆ ಬರೂದಿಲ್ಲ.

ಮೊದಲಿನ ವಾರದಾಗ ಇವು ಕಂಡ್ರ ಭಾಳ ಮಂದಿಗೆ ತಾನಾಗೇ ಕಡಿಮಿ ಆಗತೈತಿ, ಅದಕ್ಕ ಅವತ್ತ ರೋಗದ ಹೆಸರು ಹಚ್ಚಬ್ಯಾಡ್ರಿ. ಒಂದು ತಿಂಗಳ ದಾಟಿದ ಮ್ಯಾಲೂ ಇದ್ರ ಅದು ಪಿಟಿಎಸ್‌ಡಿ ಇರಬಹುದು, ಡಾಕ್ಟರ್‌ಗೆ ತೋರಿಸಬೇಕು. ಇದೂ ಡಿಪ್ರೆಶನ್ನೂ ಒಂದ ಅಲ್ಲ, ಎರಡೂ ಕೂಡೇ ಇರಬಹುದು. ನಾವು ಬಳಸೋ ಎಡಿನ್‌ಬರೋ ಸ್ಕೇಲ್ 1987ರಾಗ ಬಂದದ್ದು, ಹತ್ತು ಪ್ರಶ್ನಿ, ಒಟ್ಟು 30 ಅಂಕ, ಹೋದ ಏಳು ದಿನದ ಬಗ್ಗೆ ಕೇಳತೈತಿ, ಕನ್ನಡದಾಗೂ ಐತಿ. ಚಲೋ ಸಾಧನಾನ, ಆದ್ರ ಅದು ಹುಡುಕೋದು ಡಿಪ್ರೆಶನ್‌ನ. ಸ್ಕೋರ್ ಕಡಿಮಿ ಬಂತಂತ ಹೆರಿಗಿ ಅಂಜಿಕಿ ಇಲ್ಲ ಅಂತ ಬರೀಬ್ಯಾಡ್ರಿ. ಮತ್ತ ಓದಾಕ ಬರದವ್ರಿಗೆ ಜೋರಾಗಿ ಓದಿ ಹೇಳುವಾಗ ಮಗ್ಗಲದಾಗ ಅತ್ತಿ ಕುಂತಿದ್ರ ಎಲ್ಲಾ ಉತ್ತರ ‘ಇಲ್ರಿ, ಆರಾಮ ಅದೀನ್ರಿ’ ಅಂತನ ಬರ್ತಾವ.

ಮಾತು, ಇದಕ್ಕ ಅರ್ಧ ಟೈಮ್ ಕೊಡ್ರಿ

ಮೊದಲು ಬೋರ್ಡ್ ಮ್ಯಾಲೆ ನಾವು ದಿನಾ ಆಡೋ ಮಾತು ಬರೀರಿ. ‘ಕೂಸು ಆರಾಮ ಐತಲ್ಲ, ಇನ್ನೇನ ಬೇಕು.’ ‘ಅಳಬ್ಯಾಡ, ಹಾಲು ಬತ್ತತಾವ.’ ‘ನೀ ಜೋರ ಕೊಡಲಿಲ್ಲ, ಅದಕ್ಕ ಹಿಂಗಾತು.’ ‘ಸಟವಿ ಬರದದ್ದು ಯಾರ ತಪ್ಪಸ್ತಾರ.’ ‘ಸಣ್ಣಾಕಿ ಅದಿ, ಮುಂದಿನ ವರ್ಷ ಇನ್ನೊಂದು ಆಗತೈತಿ.’ ಇವೆಲ್ಲಾ ಕೆಟ್ಟ ಮನಸಿನಿಂದ ಬಂದದ್ದಲ್ಲ, ಬಾಯಿಗೆ ರೂಢಿ ಆಗೇತಿ. ಸಟವಿ ಮಾತು ಆಕಿಯವ್ವ ಆಡಿದ್ರ ಆಡ್ಲಿ, ಅದು ಅವ್ರ ನಂಬಿಕಿ, ತಿದ್ದಾಕ ಹೋಗಬ್ಯಾಡ್ರಿ, ಆದ್ರ ಯೂನಿಫಾರ್ಮ್ ಹಾಕ್ಕೊಂಡು ನಾವು ಆಡಬಾರದು, ಯಾಕಂದ್ರ ನಮ್ಮ ಬಾಯಿಂದ ಬಂದ್ರ ಅದು ‘ನಮ್ಮದೇನೂ ತಪ್ಪಿಲ್ಲ, ಸುಮ್ಕ ಹೋಗು’ ಅಂದಂಗ ಕೇಳಸತೈತಿ.

ಆಮ್ಯಾಲೆ ಇಬ್ಬಿಬ್ರನ್ನ ಜೋಡಿ ಮಾಡಿ ಆಡ್ಸಿ ನೋಡ್ರಿ. ಹಿಂಗ:

‘ತಂಗಿ, ನಾ ನಿನ್ನೆ ರಾತ್ರಿ ಡ್ಯೂಟಿ ಸಿಸ್ಟರ್. ಇಲ್ಲೆ ಕುಂದರ್ಲಾ?’

‘ಹೂಂ ರಿ.’

‘ನಿನ್ನೆ ಭಾಳ ಮಂದಿ ಒಮ್ಮೆಲೆ ಒಳಗ ಬಂದ್ವಿ, ನಿನಗ ಏನೂ ಹೇಳಾಕ ಆಗಲಿಲ್ಲ. ಅಂಜಿಕಿ ಆಗಿರಬೇಕು.’

ಇಲ್ಲಿಗೆ ಸಿಸ್ಟರ್ ಸುಮ್ಕಾಗಬೇಕು. ಇದ ಕಷ್ಟದ ಭಾಗ, ನಮಗ ಸುಮ್ಕ ಕುಂದ್ರಾಕ ಬರೂದಿಲ್ಲ, ಎರಡ ಸೆಕೆಂಡಿನ್ಯಾಗ ಬುದ್ಧಿಮಾತು ಶುರು ಆಗತೈತಿ. ಟ್ರೇನರ್ ಕೈಯಾಗ ವಾಚ್ ಹಿಡದು ಒಂದು ನಿಮಿಷ ಎಣಸ್ರಿ.

‘ಅಕ್ಕಾರ, ನಾ ಸತ್ತೆ ಅಂತ ಮಾಡಿದ್ದೆ ರಿ.’

‘ಹೌದವ್ವಾ, ಹಂಗ ಅನಿಸಿದ್ದು ಖರೇ. ಈಗ ರಕ್ತ ನಿಂತೈತಿ, ಬಿಪಿ ಸರಿ ಐತಿ. ಏನಾತು ಅಂತ ತಿಳಕೊಬೇಕು ಅನಿಸಿದ್ರ ಡಾಕ್ಟರ್‌ನ ಕರಕೊಂಡು ಬರ್ತೀನಿ, ಈಗ ಬ್ಯಾಡ ಅಂದ್ರ ನಾಳೆ.’

ಅಷ್ಟ. ‘ನಾಕನೇ ಬೆಡ್ಡು’, ‘ಏ ಸಿಸೇರಿಯನ್’ ಅಂತ ಕರಿಯೋದು ಅವತ್ತಿಂದನ ನಿಂದ್ರಲಿ, ಹೆಸರು ಹಿಡದು ಕರೀರಿ, ಇಲ್ಲಾ ತಂಗಿ, ಅವ್ವಾ ಅನ್ರಿ. ಮುಟ್ಟೋಕ್ಕಿಂತ ಮೊದಲು ಕೇಳೋದು, ಒಳಗ ತಪಾಸಣಿ ಮಾಡುವಾಗ ‘ಸಾಕು ಅಂದ್ರ ನಿಲ್ಲಸ್ತೀನಿ’ ಅನ್ನೋದು, ಅಂದ ಮ್ಯಾಲೆ ಖರೇನ ನಿಲ್ಲಸೋದು, ಇದನ್ನೂ ರೋಲ್‌ಪ್ಲೇದಾಗ ಹಾಕ್ರಿ.

ತಲಿ ಕಡೆ ಒಬ್ಬಾಕಿ

ವಾರ್ಡಿನ್ಯಾಗ ಎಷ್ಟ ಚಲೋ ಮಾತಾಡಿದ್ರೂ, ಗಾಯ ಆಗೋದು ಲೇಬರ್ ರೂಮಿನ್ಯಾಗ. ಅದಕ್ಕ ನೀವು ಈಗಾಗ್ಲೇ ಮಾಡೋ ಪಿಪಿಎಚ್ ಡ್ರಿಲ್, ಎಕ್ಲಾಂಪ್ಸಿಯಾ ಡ್ರಿಲ್‌ನ್ಯಾಗ ಒಂದು ಪಾತ್ರ ಹೆಚ್ಚು ಮಾಡ್ರಿ: ತಲಿ ಕಡೆ ನಿಂದ್ರಾಕಿ. ಆಕಿ ಕೆಲಸ ತಾಯಿ ಕಣ್ಣಿಗೆ ಕಾಣೋಹಂಗ ನಿಂತು, ಕೈ ಹಿಡದು, ಸಣ್ಣ ಸಣ್ಣ ಮಾತಿನ್ಯಾಗ ಏನ ನಡದೈತಿ ಅಂತ ಹೇಳೋದು. ‘ರಕ್ತ ಜಾಸ್ತಿ ಹೊಂಟೈತವ್ವಾ, ನಿಲ್ಲಸಾಕ ಔಷಧ ಕೊಡಾಕತ್ತೀವಿ, ಈಗ ಹೊಟ್ಟಿ ಒತ್ತತಾರ, ನೋಯ್ತೈತಿ, ನಾ ಇಲ್ಲೆ ಅದೀನಿ. ಕೂಸು ಅಲ್ಲೆ ವಾರ್ಮರ್ ಮ್ಯಾಲೆ ಐತಿ, ಅಳಾಕತ್ತೈತಿ.’ ಕೈ ಕಡಿಮಿ ಇದ್ರ ಆಯಾ ಮಾಡಬಹುದು, ಅವರವ್ವ ಜೊತಿಗಿದ್ರ ಅವ್ರೂ ಮಾಡಬಹುದು.

‘ನಮ್ಮ ಎಎನ್‌ಎಂಗಳಿಂದ ಇದೆಲ್ಲಾ ಆಗತೈತೇನ್ರಿ’ ಅಂತ ಕೇಳೋ ಸಾಹೇಬ್ರು ಇರ್ತಾರ. ಬೆಳಗಾವಿ ಜಿಲ್ಲಾದ ಹಳ್ಳಿಗಳೊಳಗ ಇದ ಎಎನ್‌ಎಂಗಳು ಹೆರಿಗಿ ಆದ ಕೂಡ್ಲೇ ಮಿಸೊಪ್ರೊಸ್ಟಾಲ್ ಗುಳಿಗಿ ಕೊಟ್ಟು, ಪಿಪಿಎಚ್‌ನ 12 ಪರ್ಸೆಂಟ್‌ನಿಂದ 6.4ಕ್ಕ ಇಳಿಸಿ ತೋರ್ಸಿದ್ರು, ಆ ಅಧ್ಯಯನ 2006ರಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕ್ಯಾಗ ಬಂತು, ಜಗತ್ತೆಲ್ಲಾ ಓದೇತಿ. ಸರಿಯಾಗಿ ಕಲಿಸಿ ನಂಬಿಕಿ ಇಟ್ರ ಅವ್ರು ಮಾಡ್ತಾರ. ಕಲಿಸೋದನ್ನ ನಾವು ಮಾಡಿಲ್ಲ.

ಕೆದಕಬ್ಯಾಡ್ರಿ

ಇದು ಭಾಳ ಟ್ರೇನಿಂಗ್‌ನ್ಯಾಗ ಉಲ್ಟಾ ಹೇಳ್ತಾರ, ಅದಕ್ಕ ಒತ್ತಿ ಬರೀತೀನಿ. ‘ಎಲ್ಲಾ ಹೇಳಿಬಿಡು, ಮನಸ ಹಗುರ ಆಗತೈತಿ’ ಅಂತ ಎರಡನೇ ದಿನ ಕುಂದರ್ಸಿಕೊಂಡು ಮೊದಲಿನಿಂದ ಕಡೀತನಕ ನಡದದ್ದು ಹೇಳ್ಸೋದು ಬ್ಯಾಡ. ಬ್ರಿಟನ್ನಿನ ಚಿಕಿತ್ಸಾ ನಿಯಮ ಬರಿಯೋ ಸಂಸ್ಥೆ ನೈಸ್‌ನ ಮಾರ್ಗಸೂಚಿ 2014ರಾಗನ ಹೇಳೇತಿ, ಕಷ್ಟದ ಹೆರಿಗಿ ಆದವ್ರಿಗೆ ಒಂದ ಸಿಟ್ಟಿಂಗ್‌ನ್ಯಾಗ ಎಲ್ಲಾ ಹೊಳ್ಳಿ ನೆನಪಿಸೋ ಚಿಕಿತ್ಸಾ ಕೊಡಬಾರದು ಅಂತ. ಆಕಿ ತಾನಾಗೇ ಹೇಳಿದ್ರ ಕೇಳ್ರಿ, ಎಷ್ಟ ಹೇಳ್ತಾಳೋ ಅಷ್ಟ.

ಅದರ ಬದಲಿಗೆ ಎರಡು ಕಲಿಸ್ರಿ. ಒಂದು, ವಿಶ್ವ ಆರೋಗ್ಯ ಸಂಸ್ಥೆ 2011ರಾಗ ತಂದ ಮನಸಿನ ಪ್ರಥಮ ಚಿಕಿತ್ಸಾ: ನೋಡು, ಕೇಳು, ಜೋಡಿಸು. ಆಕಿಗೆ ಈಗ ಏನ ಬೇಕು ನೋಡು, ನೀರೋ, ನೋವಿನ ಗುಳಿಗಿಯೋ, ಕೂಸಿನ ಮಾರಿ ತೋರ್ಸೋದೋ. ಹೇಳಿದ್ದು ಕೇಳು. ಮುಂದ ಯಾರ್ನ ಕಾಣಬೇಕೋ ಅವ್ರ ಜೋಡಿ ಜೋಡಿಸು. ಇನ್ನೊಂದು, ಡಾಕ್ಟರ್ ಕೇಸ್‌ಶೀಟ್ ಹಿಡಕೊಂಡು ‘ಹಿಂಗಾತು, ಅದಕ್ಕ ಹಿಂಗ ಮಾಡಿದ್ವಿ, ಮುಂದಿನ ಹೆರಿಗಿಗೆ ಇದರದು ಅರ್ಥ ಇದು’ ಅಂತ ತಿಳಿಸೋದು. ಇದು ಮಾಹಿತಿ, ಕೆದಕೋದಲ್ಲ. ಡಿಸ್ಚಾರ್ಜ್‌ಕ್ಕಿಂತ ಮೊದಲು ಒಮ್ಮೆ, ಆರನೇ ವಾರಕ್ಕ ಮತ್ತೊಮ್ಮೆ, ಯಾಕಂದ್ರ ಮೊದಲ ಸಲ ಹೇಳಿದ್ದು ಆಕಿ ತಲ್ಯಾಗ ನಿಂತಿರೂದಿಲ್ಲ. ಗಂಡಗ ಅಷ್ಟ ಹೇಳಿ ಸಹಿ ತಗೊಂಡು ಬರೋದು ತಿಳಿಸಿದಂಗ ಅಲ್ಲ.

ಕೂಸು ತೀರಿಕೊಂಡಾಕಿಗೆ ಬ್ಯಾರೆ ಪಾಠ ಇಡ್ರಿ. ಎಳೇ ಕೂಸು ಅಳೋ ವಾರ್ಡಿನ್ಯಾಗ ಆಕಿನ್ನ ಮಲಗಿಸಬ್ಯಾಡ್ರಿ, ಖೋಲಿ ಇಲ್ಲಂದ್ರ ಗೈನಿಕ್ ವಾರ್ಡಿನ ಮೂಲಿ ಬೆಡ್ಡಾದ್ರೂ ನಡೀತೈತಿ. ಕೂಸು ನೋಡ್ತೀಯಾ, ಎತ್ಕೋತೀಯಾ ಅಂತ ಕೇಳ್ರಿ, ಬ್ಯಾಡ ಅಂದ್ರ ಒತ್ತಾಯ ಬ್ಯಾಡ, ಹೂಂ ಅಂದ್ರ ಮನ್ಯಾಗಿನ ಗಂಡಸರು ಅವಸರ ಮಾಡಿದ್ರೂ ಹತ್ತು ನಿಮಿಷ ಕೊಡ್ರಿ. ಮೂರನೇ ದಿನಕ್ಕ ಎದಿಹಾಲು ತುಂಬಿ ಬರ್ತಾವ, ಇದನ್ನ ಮೊದಲ ಹೇಳಿರಬೇಕು, ಬಾವು ಇಳ್ಸಾಕ ಏನ ಮಾಡಬೇಕು, ಹಾಲು ನಿಲ್ಲೋ ಗುಳಿಗಿ ಆಕಿಗೆ ನಡೀತೈತಾ ಅಂತ ಡಾಕ್ಟರ್ ಬಿಪಿ ನೋಡಿ ಹೇಳ್ತಾರ.

ಮನಿಗೆ ಹೋದ ಮ್ಯಾಲೆ

ಆಶಾಗಳು ಎಚ್‌ಬಿಎನ್‌ಸಿ (ಎಳೇ ಕೂಸಿನ್ನ ಮನಿಗೆ ಹೋಗಿ ನೋಡೋ ಕಾರ್ಯಕ್ರಮ) ಒಳಗ 3, 7, 14, 21, 28, 42ನೇ ದಿನ ಮನಿಗೆ ಹೋಗ್ತಾರ. ಹೊಸ ಭೇಟಿ ಸೇರ್ಸೂದು ಬ್ಯಾಡ, ಇವ ಸಾಕು. 7ನೇ ದಿನ ‘ನಿದ್ದಿ ಬರತೈತಾ, ಕೂಸು ಮಲಗಿದಾಗರ ನಿನಗ ನಿದ್ದಿ ಬರತೈತಾ’, 14ಕ್ಕ ‘ಹೆರಿಗಿದು ಬ್ಯಾಡಂದ್ರೂ ನೆನಪಾಗತೈತಾ’, 28ಕ್ಕೂ 42ಕ್ಕೂ ಅದ ಪ್ರಶ್ನಿ ಮತ್ತೊಮ್ಮೆ. ಇನ್ನೂ ಐತಿ ಅಂದ್ರ ಪಿಎಚ್‌ಸಿಓಗೆ ಹೇಳಬೇಕು.

ಇದರಾಗ ಮೂರು ತೂತು ಅದಾವ, ಟ್ರೇನಿಂಗ್‌ನ್ಯಾಗ ಬಾಯಿ ಬಿಟ್ಟು ಹೇಳ್ರಿ. ಸಿಸೇರಿಯನ್ ಆದಾಕಿ ಆಸ್ಪತ್ರ್ಯಾಗ ಇರೋದ್ರಿಂದ ಆಶಾ ಭೇಟಿ ಶುರು ಆಗೋದು 7ನೇ ದಿನ, ಅಂದ್ರ ಮೊದಲ ವಾರ ಪೂರಾ ವಾರ್ಡ್ ಸಿಸ್ಟರ್ ಜವಾಬ್ದಾರಿ. ಎಚ್‌ಬಿಎನ್‌ಸಿ ಕೂಸಿನ ಹೆಸರ್ಲೆ ನಡಿಯೋ ಕಾರ್ಯಕ್ರಮ, ಕೂಸ ಇಲ್ಲದ ತಾಯಿ ಲಿಸ್ಟಿನಿಂದನ ಬಿದ್ದುಹೋಗ್ತಾಳ, ಆಕಿ ಹೆಸರು ಕೈಲೆ ಬರದು ಇಟ್ಕೋಬೇಕು. ಮೂರನೇದು ತವರುಮನಿ. ಮೊದಲ ಹೆರಿಗಿ ಮುಧೋಳದಾಗ ಆಗತೈತಿ, ಮೂರು ತಿಂಗಳಿಗೆ ಗೋಕಾಕ ಕಡೆ ಗಂಡನ ಮನಿಗೆ ಹೋಗ್ತಾಳ, ಇಲ್ಲಿನ ಆಶಾಗೆ ಗೊತ್ತಿದ್ದದ್ದು ಅಲ್ಲಿನ ಆಶಾಗೆ ಗೊತ್ತಿರೂದಿಲ್ಲ. ಆಕಿ ಒಪ್ಪಿದ್ರ ಫೋನ್ ಮಾಡಿ ಹೇಳ್ರಿ. ವಿಜಯಪುರದ ತಾಂಡಾಗಳಿಂದ ಕಬ್ಬು ಕಡಿಯಾಕ ಮಹಾರಾಷ್ಟ್ರಕ್ಕ ಹೋಗೋರದಂತೂ ಫೋನ್ ಬಿಟ್ರ ಬ್ಯಾರೆ ದಾರಿ ಇಲ್ಲ.

ಬಾಣಂತಿ ಖೋಲ್ಯಾಗ ಒಬ್ಬಾಕಿನ್ನ ಸಿಗಸೋದು ಒಂದು ಕಲಾ. ‘ಆಯಿ, ಸ್ವಲ್ಪ ಬಿಸಿನೀರು ತರ್ರಿ, ಕೂಸಿಂದು ತೂಕ ಮಾಡೋದೈತಿ’ ಅಂದು ಐದ ನಿಮಿಷ ಗಳಸಬೇಕು. ಲಂಬಾಣಿ, ಮರಾಠಿ, ಉರ್ದು ಮಾತಾಡೋರ ಮನ್ಯಾಗ ಅತ್ತಿನ್ನೋ ಗಂಡನ್ನೋ ದುಭಾಷಿ ಮಾಡ್ಕೋಬ್ಯಾಡ್ರಿ, ಆ ಮಾತು ಬರೋ ಇನ್ನೊಬ್ಬ ಆಶಾನ ಕರಕೊಂಡು ಹೋಗ್ರಿ. ತಾಯಿ ಕಾರ್ಡಿನ್ಯಾಗ ‘ಮಾನಸಿಕ’ ಅಂತ ದೊಡ್ಡದಾಗಿ ಬರೀಬ್ಯಾಡ್ರಿ, ಆ ಕಾರ್ಡ್ ಇಡೀ ಮನಿ ಓದತೈತಿ.

ತಡ ಮಾಡಬಾರದ ಕೇಸು

ಎಡಿನ್‌ಬರೋ ಸ್ಕೇಲಿನ ಹತ್ತನೇ ಪ್ರಶ್ನಿ ಜೀವಕ್ಕ ಹಾನಿ ಮಾಡ್ಕೊಳ್ಳೋ ವಿಚಾರದ್ದು. ಅದಕ್ಕ ಸೊನ್ನಿ ಬಿಟ್ಟು ಏನ ಬಂದ್ರೂ ಒಟ್ಟು ಸ್ಕೋರ್ ನೋಡಾಕ ಹೋಗಬ್ಯಾಡ್ರಿ, ಆವತ್ತ ಡಾಕ್ಟರ್‌ಗೆ ತೋರಿಸ್ರಿ, ಒಬ್ಬಾಕಿನ್ನ ಬಿಡಬ್ಯಾಡ್ರಿ. ಎರಡನೇದು, ಜನ ಬಾಣಂತಿ ಸನ್ನಿ ಅಂತಾರಲ್ಲ ಅದು: ನಿದ್ದಿ ಪೂರಾ ಬಂದ್ ಆಗತೈತಿ, ತಲಿ ಬುಡ ಇಲ್ಲದ ಮಾತು, ಯಾರೋ ಕೂಸಿನ ಕೊಲ್ಲಾಕ ಬಂದಾರ ಅನ್ನೋದು, ಕಿವ್ಯಾಗ ದನಿ ಕೇಳೋದು. ಸಾವಿರ ಹೆರಿಗಿಗೆ ಒಂದೋ ಎರಡೋ, ಹೆಚ್ಚಾಗಿ ಮೊದಲಿನ ಎರಡು ವಾರದಾಗ. ಇದು 108ರ ಕೇಸು. ಮನಿಯವ್ರು ಗುಡಿಗೆ, ದರ್ಗಾಕ್ಕ ಹೋಗ್ತೀವಿ ಅಂದ್ರ ಜಗಳ ಬ್ಯಾಡ, ಮೊದಲ ಆಸ್ಪತ್ರಿ ಮುಗಿಸ್ಕೊಂಡು ಹೋಗ್ರಿ ಅನ್ರಿ. ಜ್ವರ, ಬಿಪಿನೂ ನೋಡ್ರಿ, ಸೋಂಕಿನಿಂದಲೂ ಹಿಂಗ ಬಡಬಡಸ್ತಾರ.

ಎಲ್ಲಿಗೆ ಕಳಸೋದು ಅಂತ ಟ್ರೇನಿಂಗ್ ಮುಗಿಯೋದ್ರಾಗ ಎಲ್ಲಾರ ಫೋನಿನ್ಯಾಗೂ ನಂಬರ್ ಇರಬೇಕು. ಮನಸಿನ ತೊಂದ್ರಿಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಅಕ್ಟೋಬರ್ 2022ರಾಗ ಶುರು ಆತು, ಪುಕ್ಕಟ, 24 ತಾಸು, ಕನ್ನಡದಾಗ ಮಾತಾಡ್ತಾರ. ಟ್ರೇನಿಂಗ್ ಹಾಲಿನಿಂದನ ಒಮ್ಮೆ ಹಚ್ಚಿ ಸ್ಪೀಕರ್ ಮ್ಯಾಲೆ ಕೇಳಸ್ರಿ, ಅಂದ್ರ ಆಶಾಗೆ ನಂಬಿಕಿ ಬರತೈತಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೈಕಿಯಾಟ್ರಿಸ್ಟ್ ನಿಮ್ಮ ತಾಲೂಕಿಗೆ ಯಾವತ್ತು ಬರ್ತಾರ ಅಂತ ಕೇಳಿ ಬರದು ಹಚ್ಚರಿ. ದೊಡ್ಡ ಕೇಸಿಗೆ ಧಾರವಾಡದ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್ ನಮಗ ಹತ್ರ, ತಾಯಿ ಕೂಸು ಕೂಡೇ ಇಟ್ಕೊಳ್ಳೋ ವಾರ್ಡ್ ಬೆಂಗಳೂರಿನ ನಿಮ್ಹಾನ್ಸ್‌ನ್ಯಾಗ ಐತಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಮೂರು ವರ್ಷದೊಳಗಿನ ಕೂಸಿನ್ನ ಸಾಮಾನ್ಯವಾಗಿ ತಾಯಿಯಿಂದ ಅಗಲಿಸಬಾರದು, ತಾಯಿಯಿಂದ ಕೂಸಿಗೆ ಅಪಾಯ ಇದ್ರ ಮಾತ್ರ ಬ್ಯಾರೆ. ಮತ್ತ ‘ಮನಸಿನ ಗುಳಿಗಿ ತಗೊಂಡ್ರ ಹಾಲು ಬಿಡಸಬೇಕು’ ಅಂತ ನಮ್ಮವ್ರ ಹೇಳಿಬಿಡ್ತಾರ, ಹಾಲುಣಿಸ್ಕೋತನ ತಗೊಳ್ಳೋ ಗುಳಿಗಿ ಅದಾವ, ಅದನ್ನ ಡಾಕ್ಟರ್ ಹೇಳ್ಲಿ.

ಸಿಸ್ಟರ್‌ಗಳ ಬಗ್ಗೆ, ಆಮ್ಯಾಲೆ ಟ್ರೇನಿಂಗ್ ಹತ್ತೇತೋ ಇಲ್ಲೋ

ತಾಯಿ ಕೈಯಾಗನ ಜೀವ ಬಿಟ್ಟದ್ದು ನೋಡಿದ ಸಿಸ್ಟರ್, ಹತ್ತು ನಿಮಿಷಕ್ಕ ಮುಂದಿನ ಹೆರಿಗಿಗೆ ಗ್ಲೌಸ್ ಹಾಕ್ತಾಳ. ಅಂಥಾಕಿ ಕಡೆಯಿಂದ ಮೆತ್ತಗಿನ ಮಾತು ಬರಬೇಕಂದ್ರ ಎಲ್ಲಿಂದ ಬರಬೇಕ್ರಿ. ದೊಡ್ಡ ಕೇಸ್ ಆದ ದಿನ ಡ್ಯೂಟಿ ಮುಗಿಯೋಕ್ಕಿಂತ ಮೊದಲು ಇನ್‌ಚಾರ್ಜ್ ಎಲ್ಲಾರ್ನೂ ಹತ್ತು ನಿಮಿಷ ಕೂಡ್ಸಿ ಚಾ ಕುಡ್ಸಿ, ಆರಾಮ ಅದೀರಾ, ಮನಿಗೆ ಹೆಂಗ ಹೋಗ್ತೀರಿ ಅಂತ ಕೇಳ್ಲಿ, ಯಾರ ತಪ್ಪು ಅನ್ನೋ ವಿಚಾರಣಿ ಅವತ್ತ ಬ್ಯಾಡ, ಅದಕ್ಕ ಬ್ಯಾರೆ ಮೀಟಿಂಗ್ ಐತಿ.

ಟ್ರೇನಿಂಗ್ ಕೊನಿಗೆ ಬರಸೋ ಪೇಪರ್‌ನ್ಯಾಗ ಎಲ್ಲಾರೂ ಪಾಸ್ ಆಗ್ತಾರ, ಅದನ್ನ ನಂಬಬ್ಯಾಡ್ರಿ. ಡಿಸ್ಚಾರ್ಜ್ ದಿನ ತಾಯಂದ್ರಿಗೆ ಮೂರ ಪ್ರಶ್ನಿ ಕೇಳಸ್ರಿ: ನಿನ್ನ ಹೆಸರು ಹಿಡದು ಕರದ್ರಾ, ಏನ ಮಾಡ್ತೀವಿ ಅಂತ ಮೊದಲ ಹೇಳಿದ್ರಾ, ಯಾರರ ಬೈದ್ರಾ ಇಲ್ಲಾ ಹೊಡದ್ರಾ. ಟ್ರೇನಿಂಗ್‌ಕ್ಕಿಂತ ಮೊದಲಿನ ತಿಂಗಳದ್ದೂ ಕೇಳಿ ಇಟ್ಕೊಂಡ್ರ ಮೂರು ತಿಂಗಳ ಮ್ಯಾಲೆ ಹೋಲಿಸಿ ನೋಡಾಕ ಬರತೈತಿ, ಹೋಲಿಸಿದ ದಿನನ ರೋಲ್‌ಪ್ಲೇ ಮತ್ತೊಮ್ಮೆ ಅರ್ಧ ದಿನ ಮಾಡ್ರಿ. ಪ್ರಶ್ನಿ ಕೇಳಾಕಿ ಲೇಬರ್ ರೂಮ್ ಸಿಸ್ಟರ್ ಆಗಿರಬಾರದು, ಕೌನ್ಸೆಲರ್‌ನೋ ನರ್ಸಿಂಗ್ ಸ್ಟೂಡೆಂಟ್‌ನೋ ಕಳಸ್ರಿ, ಹೆಸರು ಬರ್ಕೊಳ್ಳೋದು ಬ್ಯಾಡ, ಉತ್ತರ ತಿಂಗಳಿಗೊಮ್ಮೆ ಇನ್‌ಚಾರ್ಜ್ ಕೈಗೆ ಹೋಗ್ಲಿ.